ಎರಡನೇ ಆರೋಪಿ

ತೀರ್ಪಿನ ದಿನ ಪಾರ್ವತೆಮ್ಮ ನಸುಕಿನಲ್ಲೇ ಎದ್ದು ಇಬ್ಬರು ಮಕ್ಕಳಿಗೂ ರೊಟ್ಟಿ, ಪುಂಡಿಪಲ್ಯ ಕಟ್ಟಿದ್ದಳು. ಕೋರ್ಟಿನಲ್ಲಿ ಕೂತು ಕೂತು ಹಸಿವಾದೀತೆಂದು ಗುರೆಳ್ಳು ಚಟ್ನಿಯನ್ನೂ ಕಾಗದದಲ್ಲಿ ಸುತ್ತಿಟ್ಟಿದ್ದಳು. ಸಂಜೆ ಐದೂವರೆಯ ಬಸ್ಸಿಗೆ ದೊಡ್ಡ ಮಗ ರವಿಕುಮಾರ ಒಬ್ಬನೇ ಇಳಿದು ಬಂದ. ಅವನ ಕೈಯಲ್ಲಿ ಎರಡು ಬುತ್ತಿ ಇದ್ದವು. ಒಂದು ಖಾಲಿಯಾಗಿತ್ತು, ಇನ್ನೊಂದರ ಗಂಟು ಬಿಚ್ಚಿರಲಿಲ್ಲ.

“ದುರಗೇಶ ಎಲ್ಲಿ?” ಎಂದಳು ಪಾರ್ವತೆಮ್ಮ.

ರವಿ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚಿದ. “ಅವಗ ಎರಡು ವರ್ಷ ಆತು. ನನ್ನ ಬಿಟ್ಟರು.”

“ಒಂದ ಕೇಸಿನಾಗ?”

“ಹೂಂ.”

ಜಗಳ ನಾಲ್ಕು ವರ್ಷದ ಹಿಂದಿನದು. ಯಲಬುರ್ಗಾ ರಸ್ತೆಯ ಆ ಊರಿನಲ್ಲಿ ಪಾರ್ವತೆಮ್ಮನ ಗಂಡ ಹುಚ್ಚೀರಪ್ಪನ ಮನೆಗೂ ನೆರೆಯ ಯಮನೂರಪ್ಪನ ಮನೆಗೂ ನಡುವೆ ಒಂದೇ ಗಟಾರ. ಹುಚ್ಚೀರಪ್ಪ ಪಂಚಾಯಿತಿಯಲ್ಲಿ ಮೂವತ್ತು ವರ್ಷ ನೀರು ಬಿಡುವ ಕೆಲಸ ಮಾಡಿದವನು. ಅವನ ಮನೆಯ ಬಚ್ಚಲ ನೀರು ಹರಿಯುವ ಕಡೆಗೇ ಯಮನೂರಪ್ಪ ಕಲ್ಲು ಅಡ್ಡ ಇಟ್ಟ. ಅವತ್ತು ಭಾನುವಾರ. ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುವ ಸಣ್ಣ ಮಗ ದುರಗೇಶ ಊರಿಗೆ ಬಂದಿದ್ದ. ಮಾತಿಗೆ ಮಾತು ಬೆಳೆದು ರವಿ ಎಮ್ಮೆಯ ಗೂಟದ ಹತ್ತಿರ ಬಿದ್ದಿದ್ದ ಬಡಿಗೆ ಎತ್ತಿದ. ದುರಗೇಶ ನಡುವೆ ಹೋಗಿ ಯಮನೂರಪ್ಪನ ಎದೆಗೆ ಕೈ ಕೊಟ್ಟು ಹಿಂದಕ್ಕೆ ದಬ್ಬಿದ. ಅಷ್ಟರಲ್ಲಿ ಏಟು ಬಿದ್ದಿತ್ತು. ಯಮನೂರಪ್ಪನ ಮುಂಗೈ ಎಲುಬು ಮುರಿಯಿತು. ಇಬ್ಬರೂ ಕೂಡಿ ಹೊಡೆದರೆಂದು ಪೊಲೀಸರು ಬರೆದುಕೊಂಡರು. ರವಿ ಮೊದಲನೇ ಆರೋಪಿ, ದುರಗೇಶ ಎರಡನೇ ಆರೋಪಿ.

ಕೋರ್ಟು ಇಬ್ಬರದೂ ತಪ್ಪು ಎಂದಿತು. ಆದರೆ ರವಿಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಿತು. ಎರಡು ವರ್ಷ ತಂಟೆ ತಕರಾರು ಇಲ್ಲದೆ ಇದ್ದರೆ ಸಾಕು. ದುರಗೇಶನಿಗೆ ಆ ರಿಯಾಯಿತಿ ಸಿಗಲಿಲ್ಲ. ಯಾಕೆಂದು ರವಿಗೂ ಸರಿಯಾಗಿ ತಿಳಿದಿರಲಿಲ್ಲ, ಇಲ್ಲವೆ ತಿಳಿದೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಬಿಚ್ಚದ ಬುತ್ತಿಯ ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಬೆಳಿಗ್ಗೆ ಪಾರ್ವತೆಮ್ಮ ಅದನ್ನು ಎಮ್ಮೆಗೆ ಹಾಕಿದಳು.

ದುರಗೇಶ ಒಂಬತ್ತು ದಿನ ಜೈಲಿನಲ್ಲಿದ್ದ. ಅವನನ್ನು ಹೊರಗೆ ತರಲು ಓಡಾಡಿದವನು ವಿರುಪಾಕ್ಷಿ. ಗಿಣಿಗೇರಾದಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಕೊಡುವ ಅಂಗಡಿ ಅವನದು. ಆರು ವರ್ಷದಿಂದ ದುರಗೇಶ ಅವನ ಮನೆಯಲ್ಲೇ ಇದ್ದ. ಊರಲ್ಲಿ ಕೇಳಿದವರಿಗೆ ಪಾರ್ವತೆಮ್ಮ “ಗೆಳೆಯಾರು ಕೂಡಿ ಅದಾರ” ಎಂದು ಹೇಳಿ ಸುಮ್ಮನಾಗುತ್ತಿದ್ದಳು. ಎರಡು ದೀಪಾವಳಿಗೆ ವಿರುಪಾಕ್ಷಿ ಬಂದು ಹೋಳಿಗೆ ಉಂಡು ಹೋಗಿದ್ದ. ಹುಚ್ಚೀರಪ್ಪ ಅವನೊಡನೆ ಬೋರ್‌ವೆಲ್ಲಿನ ಮೋಟಾರಿನ ಬಗ್ಗೆ ಮಾತಾಡಿದ್ದನೇ ಹೊರತು ಬೇರೆ ಏನನ್ನೂ ಕೇಳಿರಲಿಲ್ಲ.

ವಿರುಪಾಕ್ಷಿ ಕೊಪ್ಪಳದಲ್ಲಿ ಮೆಹರುನಬಿ ಎಂಬ ವಕೀಲೆಯೊಬ್ಬರನ್ನು ಹಿಡಿದ. ಅವರು ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹಾಕಿ, ಅದು ತೀರುವ ತನಕ ಶಿಕ್ಷೆ ತಡೆಹಿಡಿಸಿ ದುರಗೇಶನನ್ನು ಬಿಡಿಸಿದರು. ಹೊರಗೆ ಬಂದವನು ತಾಯಿಯ ಒತ್ತಾಯಕ್ಕೆ ಊರಿಗೆ ಬಂದ. ಗಡ್ಡ ಬೆಳೆದಿತ್ತು. ಪಾರ್ವತೆಮ್ಮ ಬಿಸಿನೀರು ಕಾಯಿಸಿ ಹಾಕಿದಳು, ಅವನಿಗೆ ಸೇರುವ ಹೆಸರುಕಾಳಿನ ಪಲ್ಯ ಮಾಡಿದಳು.

ಊಟದ ನಡುವೆ ಅವನು ಚೀಲದಿಂದ ತೀರ್ಪಿನ ಪ್ರತಿ ತೆಗೆದು ಅತ್ತಿಗೆಯ ಮುಂದೆ ಇಟ್ಟ. ಗೀತಾ ಪಿಯುಸಿ ತನಕ ಓದಿದವಳು, ಮನೆಯ ಕಾಗದಪತ್ರ ಓದುವುದು ಅವಳ ಪಾಲಿನ ಕೆಲಸ. “ಕಡೀ ಹಾಳಿ ಓದ್ರಿ ವೈನಿ. ಎಲ್ಲಾರೂ ಕೇಳ್ಲಿ,” ಎಂದ.

ಗೀತಾ ಓದಿದಳು. ‘ಮೊದಲನೇ ಆರೋಪಿಯು ಹೆಂಡತಿ ಮಕ್ಕಳೊಂದಿಗೆ ಸಂಸಾರಸ್ಥನಾಗಿದ್ದು ರಿಯಾಯಿತಿಗೆ ಅರ್ಹನಾಗಿದ್ದಾನೆ. ಎರಡನೇ ಆರೋಪಿಯು ಅವಿವಾಹಿತನಾಗಿದ್ದು, ಇನ್ನೊಬ್ಬ ಪುರುಷನೊಡನೆ ಸಮಾಜ ಒಪ್ಪದ ರೀತಿಯಲ್ಲಿ ಬಾಳುತ್ತಿರುವುದು ವರದಿಯಿಂದ ಕಂಡುಬರುತ್ತದೆ. ಇಂಥ ನಡತೆಯವನು ಸುಧಾರಿಸುವನೆಂಬ ಭರವಸೆ ಈ ನ್ಯಾಯಾಲಯಕ್ಕೆ ಇಲ್ಲ.’ ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. ಮೂರನೇ ತರಗತಿಯ ಮಗಳು ಐಶ್ವರ್ಯಳನ್ನು ನೀರು ತರಲು ಒಳಗೆ ಕಳಿಸಿ ಉಳಿದದ್ದನ್ನು ಮುಗಿಸಿದಳು.

ಹುಚ್ಚೀರಪ್ಪ ಗಂಗಾಳದಲ್ಲೇ ಕೈ ತೊಳೆದ. ಅರ್ಧ ರೊಟ್ಟಿ ಹಾಗೇ ಇತ್ತು.

ಶಿಕ್ಷೆ ಹೇಳುವ ಮೊದಲು ಕೋರ್ಟಿನಿಂದ ಒಬ್ಬ ಅಧಿಕಾರಿ ಮನೆಗೆ ಬಂದಿದ್ದ. ಹುಡುಗರು ಹೇಗೆ, ಕುಡಿತ ಉಂಟೋ, ಹಿಂದೆ ಏನಾದರೂ ಕೇಸು ಉಂಟೋ ಎಂದೆಲ್ಲ ಕೇಳಿ ಬರೆದುಕೊಂಡು ಹೋಗಿದ್ದ. ಅವನಿಗೆ ಈ ಮಾತು ಯಾರು ಹೇಳಿದರು ಎಂದು ದುರಗೇಶ ಕೇಳಿದ. ಗೀತಾ ಕಾಗದ ಮಡಚುತ್ತ, ತಾನು ಆಗ ಒಳಗೆ ಚಹಾ ಸೋಸುತ್ತಿದ್ದೆ, ಮಾವ ಹೇಳಿದ್ದು ಕೇಳಿಸಿತು ಎಂದಳು.

“ಹೌದು, ನಾನ ಹೇಳೀನಿ,” ಎಂದ ಹುಚ್ಚೀರಪ್ಪ. “ಸರಕಾರದ ಮನಷಾ ಬಂದಾನ, ನಿನಗ ನಾಕು ಬುದ್ಧಿಮಾತು ಹೇಳ್ಯಾನು ಅಂತ ಹೇಳಿದೆ. ಜೈಲಿಗೆ ಹಾಕ್ತಾನಂತ ಕನಸು ಬಿದ್ದಿತ್ತೇನು ನನಗ?”

ದುರಗೇಶ ಗಂಗಾಳ ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ತೊಳೆದಿಟ್ಟ. ಮನೆಯ ಗಂಡಸರು ಗಂಗಾಳ ತೊಳೆಯುವುದನ್ನು ಐಶ್ವರ್ಯ ನೋಡಿದ್ದು ಅದೇ ಮೊದಲು.

ಮುಂದಿನ ವಾರ ಮೆಹರುನಬಿ ಇಡೀ ಮನೆಯವರನ್ನು ಕೊಪ್ಪಳಕ್ಕೆ ಕರೆಸಿದರು. ಅವರ ಆಫೀಸು ಒಂದು ಸಣ್ಣ ಕೋಣೆ, ಹುಚ್ಚೀರಪ್ಪ ಬಾಗಿಲಲ್ಲೇ ನಿಂತ. ಗಂಡಸು ಗಂಡಸಿನ ಜೊತೆ ಬಾಳುವುದು ಅಪರಾಧವಲ್ಲವೆಂದು ದೇಶದ ದೊಡ್ಡ ಕೋರ್ಟು ಹೇಳಿ ವರ್ಷಗಳಾದವು ಎಂದು ಅವರು ಬಿಡಿಸಿ ಹೇಳಿದರು. ಅಪರಾಧವಲ್ಲದ್ದನ್ನು ಹಿತ್ತಲ ಬಾಗಿಲಿಂದ ತಂದು ಬೇರೆ ಅಪರಾಧದ ಶಿಕ್ಷೆಗೆ ಕೂಡಿಸಲು ಬರುವುದಿಲ್ಲ. ಒಂದೇ ಜಗಳ, ಒಂದೇ ಸಾಕ್ಷಿ, ಆದರೂ ಇಬ್ಬರಿಗೆ ಎರಡು ಶಿಕ್ಷೆ. ಇದನ್ನೇ ಕೋರ್ಟಿನ ಮುಂದೆ ಇಡುತ್ತೇನೆ ಎಂದರು. ಆಮೇಲೆ, ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಯಾರು ಏನು ಮಾಡಿದರೆಂಬ ಮಾತೂ ಏಳಬಹುದು ಎಂದು ರವಿಯನ್ನು ನೋಡಿದರು. ಎದುರು ಪಾರ್ಟಿ ಅವನ ರಿಯಾಯಿತಿಯನ್ನೇ ಪ್ರಶ್ನೆ ಮಾಡಲೂಬಹುದು.

ರವಿ ಒಂದು ಶಾಲೆಯ ವ್ಯಾನು ನಡೆಸುತ್ತಿದ್ದ. ಅವನು ಕೊಪ್ಪಳದ ಬಸ್‌ಸ್ಟ್ಯಾಂಡ್ ತನಕ ಎಲ್ಲರಿಗಿಂತ ಮುಂದೆ ನಡೆದ. ಅಲ್ಲಿ ಮಿರ್ಚಿ ಮಂಡಕ್ಕಿಯ ಅಂಗಡಿಯ ಮುಂದೆ ತಮ್ಮನನ್ನು ನಿಲ್ಲಿಸಿದ.

“ನಿನ್ನ ಸಲುವಾಗಿ ನಂದೂ ಕೆದರಬೇಕೇನು? ನಾ ಒಳಗ ಹೋದರ ಮನಿ ಯಾರು ನಡಸ್ತಾರ?”

“ಬಡಿಗಿ ಯಾರ ಕೈಯಾಗಿತ್ತಣ್ಣ?”

ರವಿ ಮುಖ ತಿರುಗಿಸಿದ. ಪಾರ್ವತೆಮ್ಮ ನಡುವೆ ಬಂದು ಇಬ್ಬರಿಗೂ ಮಂಡಕ್ಕಿಯ ಪೊಟ್ಟಣ ಹಿಡಿಸಿದಳು. ದುರಗೇಶ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಗಿಣಿಗೇರಾದ ಬಸ್ಸು ಹತ್ತಿದ.

ಕಾರ್ಖಾನೆಯ ಗೇಟಿನಲ್ಲಿ ಅವನ ಪಾಸು ನಿಲ್ಲಿಸಿದ್ದರು. ಶಿಕ್ಷೆಯಾದವರು ಬೇಡವೆಂದು ಗುತ್ತಿಗೆದಾರ ಹೇಳಿದ್ದನಂತೆ. ಮೇಲ್ಮನವಿ ನಡೆದಿದೆ ಎಂದರೆ, ಗೆದ್ದು ಬಾ ನೋಡೋಣ ಎಂದನಂತೆ. ಅವತ್ತಿನಿಂದ ದುರಗೇಶ ವಿರುಪಾಕ್ಷಿಯ ಅಂಗಡಿಯಲ್ಲಿ ಕೂತು ತಾಮ್ರದ ತಂತಿ ಸುತ್ತತೊಡಗಿದ. ಮನೆಗೆ ಫೋನು ಮಾಡುವುದು ಕಡಿಮೆಯಾಯಿತು.

ಇತ್ತ ಹುಚ್ಚೀರಪ್ಪನ ತಲೆಯಲ್ಲಿ ಬೇರೆ ದಾರಿ ಹೊಳೆದಿತ್ತು. ರವಿಯನ್ನು ಬಿಟ್ಟದ್ದು ಸಂಸಾರಸ್ಥ ಎಂದು, ದುರಗೇಶನನ್ನು ಹಿಡಿದದ್ದು ಅವನಿಗೆ ಸಂಸಾರ ಇಲ್ಲವೆಂದು. ಹಾಗಾದರೆ ವಿಚಾರಣೆಗೆ ಮೊದಲು ಒಂದು ಹುಡುಗಿ ನೋಡಿ ಅರಿಶಿನ ಹಚ್ಚಿಬಿಟ್ಟರೆ ಮುಗಿಯಿತು. ತಾವರಗೇರಾದಲ್ಲಿ ಗೀತಾಳ ಚಿಕ್ಕಪ್ಪನ ಮಗಳು ಶ್ವೇತಾ ಇದ್ದಳು. ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಇಪ್ಪತ್ತಮೂರು ತುಂಬಿತ್ತು. ಹುಚ್ಚೀರಪ್ಪ ರವಿಯನ್ನು ಕರೆದುಕೊಂಡು ಹೋಗಿ ಮಾತು ಮುಗಿಸಿಯೇ ಬಂದ. ಕೇಸಿನ ಸುದ್ದಿ ಅವರಿಗೆ ಗೊತ್ತಿತ್ತು, ಗಟಾರದ ಜಗಳ ಯಾರ ಮನೆಯಲ್ಲಿ ಆಗುವುದಿಲ್ಲ ಎಂದರಂತೆ. ಕಡೆಯ ಹಾಳೆಯಲ್ಲಿ ಏನಿದೆ ಎಂದು ಅಪ್ಪ ಮಗ ಇಬ್ಬರೂ ಹೇಳಿರಲಿಲ್ಲ.

ಗೀತಾಳಿಗೆ ಇದು ತಿಳಿದದ್ದು ಉಪ್ಪಿಟ್ಟು ನೀಡುವಾಗ. ಅವಳು ಸೌಟು ಕೆಳಗಿಟ್ಟಳು.

“ನನ್ನ ತವರುಮನಿ ಹುಡಿಗಿ. ನನ್ನ ಒಂದು ಮಾತು ಕೇಳಲಿಲ್ಲ ನೀವು.”

“ಹೆಣ್ಣು ಬಂದರ ಹುಡುಗ ದಾರಿಗೆ ಬರ್ತಾನ,” ಎಂದ ಹುಚ್ಚೀರಪ್ಪ.

“ಬರಲಿಲ್ಲಂದ್ರ? ಅಕಿಗೆ ಎಷ್ಟು ವರ್ಷ ಶಿಕ್ಷಾ ಮಾವಾರ?”

ರವಿ ಅವಳಿಗೆ ಸುಮ್ಮನಿರು ಎಂದು ಗದರಿದ. ಪಾರ್ವತೆಮ್ಮ ಒಲೆಯ ಮುಂದೆ ಕೂತೇ ಇದ್ದಳು. ಅವಳ ಮನಸ್ಸಿನ ಒಂದು ಮೂಲೆಯಲ್ಲಿ ಈ ಮದುವೆ ಆಗಿಬಿಡಲಿ ಎಂಬ ಆಸೆ ಇತ್ತು, ಸೊಸೆ ಹೇಳಿದ್ದು ಸುಳ್ಳಲ್ಲ ಎಂಬುದೂ ಗೊತ್ತಿತ್ತು. ಅವಳು ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು.

ಮಧ್ಯಾಹ್ನ ಗೀತಾ ದುರಗೇಶನಿಗೆ ಫೋನು ಮಾಡಿ ಎಲ್ಲ ಹೇಳಿದಳು. ತಾನು ಚಿಕ್ಕಮ್ಮನಿಗೆ ನಿಜ ಹೇಳಬೇಕೆಂದಿದ್ದೇನೆ, ಆದರೆ ಹೇಳಿದರೆ ತಾವರಗೇರಾಕ್ಕೆಲ್ಲ ಗೊತ್ತಾಗುತ್ತದೆ, ನೀನು ಬೇಡವೆಂದರೆ ಬೇರೆ ನೆವ ಹುಡುಕುತ್ತೇನೆ ಎಂದಳು. ಆ ಕಡೆ ಗ್ರೈಂಡಿಂಗ್ ಮಿಷನ್ನಿನ ಸಪ್ಪಳ ನಿಂತಿತು.

“ಹೇಳ್ರಿ ವೈನಿ,” ಎಂದ ದುರಗೇಶ. “ಕೋರ್ಟಿನ ಕಾಗದದಾಗ ಬಂದದ್ದನ್ನ ಮುಚ್ಚಿ ಏನು ಮಾಡೂದೈತಿ? ಆ ಹುಡಿಗಿ ಬದುಕು ಉಳೀಲಿ.”

ಗೀತಾ ಹೇಳಿದಳು. ಚಿಕ್ಕಮ್ಮ ಮೊದಲು ಅತ್ತಳು, ಆಮೇಲೆ ಬೈದಳು. ಅಂಥ ಮನೆಗೆ ನಮ್ಮ ಹುಡುಗಿಯನ್ನು ಕೇಳಲು ಬಂದಿದ್ದರಲ್ಲ ಎಂದು ಗೀತಾಳ ತಂದೆಗೂ ಫೋನು ಹೋಯಿತು. ಎರಡು ದಿನಕ್ಕೆ ಶ್ವೇತಾಳಿಂದ ಒಂದು ಮೆಸೇಜು ಬಂತು, ‘ಉಳಿಸಿದಿ ಅಕ್ಕ’ ಎಂದಷ್ಟೇ. ಗೀತಾ ಅದನ್ನು ಗಂಡನಿಗೆ ತೋರಿಸಲಿಲ್ಲ. ತೋರಿಸಿದ್ದರೂ ಅವನು ನೋಡುತ್ತಿರಲಿಲ್ಲ. ಆ ಫೋನಿನ ದಿನದಿಂದ ಅವನು ಅವಳೊಡನೆ ಮಾತು ಬಿಟ್ಟಿದ್ದ. ಉಪ್ಪು ಬೇಕಾದರೆ “ಉಪ್ಪು ತಾ ಅನ್ನು ನಿಮ್ಮವ್ವಗ” ಎಂದು ಮಗಳಿಗೆ ಹೇಳುತ್ತಿದ್ದ.

ಸುದ್ದಿ ಊರು ಮುಟ್ಟಿತು. ಪಾರ್ವತೆಮ್ಮ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಜೊತೆಗೆ ಅಡುಗೆ ಮಾಡುವ ಹೆಂಗಸೊಬ್ಬಳು ಅಕ್ಕಿ ಆರಿಸುತ್ತ, ನಿಮ್ಮ ಸಣ್ಣಾವ ಹಂಗಂತಲ್ಲ ಹೌದೇನು ಎಂದು ಕೇಳಿದಳು. ಪಾರ್ವತೆಮ್ಮನ ಕೈ ನಿಂತಿತು. ಹಡೆದವಳು ನಾನು, ಉಣ್ಣಿಸಿದವಳು ನಾನು, ಅವ ಹೆಂಗ ಅಂತ ನನ್ನ ಕೇಳಿದರ ಛಲೋ ಅದಾನ ಅಂತೀನಿ ಎಂದು ಹೇಳಿ ಬೇಳೆ ತೊಳೆಯಲು ಎದ್ದು ಹೋದಳು. ಆ ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಮನೆಗೆ ಬಂದು ಗಂಡನಿಗೆ, ಆ ಅಧಿಕಾರಿ ಬಂದ ದಿನ ತಾನು ಮನೆಯಲ್ಲಿ ಇರಬೇಕಿತ್ತು ಎಂದಳು. ಅವನು ಎಮ್ಮೆಯ ಮೈಮೇಲೆ ಇನ್ನೊಂದು ಚೊಂಬು ನೀರು ಸುರಿದ.

ಮೊದಲ ವಿಚಾರಣೆಯ ದಿನ ಜಿಲ್ಲಾ ಕೋರ್ಟಿಗೆ ಪಾರ್ವತೆಮ್ಮ ಮತ್ತು ಗೀತಾ ಹೋದರು. ಹೊರಗಿನ ಬೆಂಚಿನಲ್ಲಿ ಮೆಹರುನಬಿ ದುರಗೇಶನಿಗೆ ಎರಡು ದಾರಿ ಇಟ್ಟರು. ಇಬ್ಬರಿಗೂ ಒಂದೇ ಶಿಕ್ಷೆ ಇರಲಿ ಎಂದಷ್ಟೇ ಕೇಳಿದರೆ ಸರಕಾರಿ ವಕೀಲರು ಹೆಚ್ಚು ತಕರಾರು ಮಾಡುವಂತೆ ಕಾಣಲಿಲ್ಲ, ಕೆಲಸ ಬೇಗ ಮುಗಿಯಬಹುದು. ಹಳೆಯ ತೀರ್ಪಿನ ಆ ಸಾಲುಗಳೇ ತಪ್ಪು, ಅವನ್ನು ತೆಗೆಯಬೇಕು ಎಂದು ಕೇಳಿದರೆ ವಾದ ಬೆಳೆಯುತ್ತದೆ, ಹೆಸರು ಬಯಲಿಗೆ ಬೀಳುತ್ತದೆ.

“ಆ ಸಾಲು ಇರೂತನಕ ನಾ ಬಿಡುಗಡಿ ಆದಂಗ ಅಲ್ರಿ ಮೇಡಂ,” ಎಂದ ದುರಗೇಶ. “ಅದು ತಗೀಬೇಕು.”

ಪಾರ್ವತೆಮ್ಮನಿಗೆ ಒಳಗಿನ ವಾದ ಅರ್ಧ ಮಾತ್ರ ತಿಳಿಯಿತು. ನ್ಯಾಯಾಧೀಶರು ಹಳೆಯ ವರದಿ ತಿರುವಿ ಹಾಕಿ, ಬೇರೆ ಅಧಿಕಾರಿಯಿಂದ ಹೊಸ ವರದಿ ತರಿಸಿರಿ, ಆರೋಪಿಯ ನಡತೆ ಬರೆಯಲಿ, ಮಲಗುವ ಕೋಣೆಯನ್ನಲ್ಲ ಎಂದರು. ಅದು ಮಾತ್ರ ಅವಳಿಗೆ ಪೂರ್ತಿ ತಿಳಿಯಿತು. ಬಸ್ಸಿನಲ್ಲಿ ಸೊಸೆಗೆ ಅದನ್ನೇ ಎರಡು ಸಲ ಹೇಳಿದಳು.

ಹೊಸ ಅಧಿಕಾರಿ ಹೆಂಗಸು. ಮೊದಲು ಗಿಣಿಗೇರಾಕ್ಕೆ ಹೋಗಿ ಅಂಗಡಿ, ಮನೆ, ಅಕ್ಕಪಕ್ಕ ಎಲ್ಲ ನೋಡಿಕೊಂಡು ಒಂದು ಬುಧವಾರ ಊರಿಗೆ ಬಂದರು. ಪಾರ್ವತೆಮ್ಮ ಶಾಲೆಗೆ ರಜೆ ಹಾಕಿದ್ದಳು. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿ ಚಹಾ, ಅವಲಕ್ಕಿ ಕೊಟ್ಟರು. ಅಧಿಕಾರಿ ಹುಚ್ಚೀರಪ್ಪನ ಕಡೆ ತಿರುಗಿ, ನಿಮ್ಮ ಸಣ್ಣ ಮಗ ಎಂಥವನು ಎಂದು ಕೇಳಿದರು.

ಹುಚ್ಚೀರಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ. “ಕುಡಿಯೂದಿಲ್ರಿ. ಸುಳ್ಳು ಹೇಳೂದಿಲ್ಲ. ನನ್ನ ಕಣ್ಣಿನ ಆಪರೇಷನ್ನಿಗೆ ಹದಿನೈದು ದಿನ ರಜಾ ಹಾಕಿ ಆಸ್ಪತ್ರಿಯಾಗ ಕುಂತಿದ್ದ.” ಟವೆಲನ್ನು ಹೆಗಲಿಗೆ ಹಾಕಿಕೊಂಡು, “ಉಳದದ್ದು ಮಾತಾಡಾಕ ನನಗ ಬರೂದಿಲ್ರಿ. ಹೋದ ಸಲ ಮಾತಾಡಿ ಕೆಡಿಸೀನಿ,” ಎಂದ.

ಅಧಿಕಾರಿ ಬರೆದುಕೊಂಡರು. ಜಗಳದ ದಿನ ಏನಾಯಿತು ಎಂದು ಮುಂದಿನ ಪ್ರಶ್ನೆ ಕೇಳಿದರು. ರವಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ನಾಲ್ಕು ವರ್ಷ ಕೋರ್ಟಿನಲ್ಲಿ ಅವನು ಹೇಳಿದ್ದು ಒಂದೇ, ನೂಕಾಟದಲ್ಲಿ ಯಮನೂರಪ್ಪ ತಾನೇ ಬಿದ್ದ ಎಂದು. ಈಗಲೂ ಅದೇ ಮಾತು ಶುರು ಮಾಡಿದ. ಪಾರ್ವತೆಮ್ಮ ಅವಲಕ್ಕಿಯ ತಾಟು ಕೆಳಗಿಟ್ಟಳು.

“ರವೀ. ನೀ ಹೇಳ್ತೀಯೋ, ನಾ ಹೇಳಲೋ?”

ರವಿ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಗೀತಾ ಅವನಿಗೇನೂ ಸನ್ನೆ ಮಾಡಲಿಲ್ಲ. ಅವನು ಬಂದು ಚಾಪೆಯ ಅಂಚಿನಲ್ಲಿ ಕೂತ.

“ಬಡಿಗಿ ನನ್ನ ಕೈಯಾಗಿತ್ರಿ ಮೇಡಂ. ಅವ ಬಿಡಸಾಕ ಬಂದಿದ್ದ. ಬರಕೋರಿ.”

ಅಧಿಕಾರಿ ಹೋದ ಮೇಲೆ ಅವನು ವ್ಯಾನು ತೊಳೆಯಲು ಹೋದ. ಸಂಜೆ ತಿರುಗಿ ಬಂದು ಗೀತಾಳಿಗೇ ನೇರ, “ಚಹಾ ಐತೇನು?” ಎಂದು ಕೇಳಿದ. ಅವಳು ಕೊಟ್ಟಳು. ನನ್ನ ರಿಯಾಯಿತಿ ತೆಗೆದರೆ ಏನು ಮಾಡುವುದು ಎಂದ. ಗೊತ್ತಿಲ್ಲ ಎಂದಳು ಅವಳು. ಆ ಭಯ ಮುಂದೆ ಒಂದೂವರೆ ತಿಂಗಳು ಆ ಮನೆಯಲ್ಲಿ ಎಲ್ಲರೊಂದಿಗೂ ಊಟಕ್ಕೆ ಕೂತಿತು. ಅಷ್ಟರಲ್ಲಿ ಶಾಲೆಯವರಿಗೆ ಕೇಸಿನ ಸುದ್ದಿ ಮುಟ್ಟಿ ರವಿಯನ್ನು ವ್ಯಾನಿನಿಂದ ಇಳಿಸಿದರು. ಅವನು ಕಾರಟಗಿಯ ಅಕ್ಕಿ ಗಿರಣಿಯೊಂದರ ಲಾರಿಗೆ ಹೋಗತೊಡಗಿದ, ವಾರಕ್ಕೆ ಎರಡು ದಿನ ಮನೆಗೆ ಬರುತ್ತಿದ್ದ.

ತೀರ್ಪು ಬಂದದ್ದು ಒಂದು ಶುಕ್ರವಾರ. ಒಬ್ಬ ವಯಸ್ಕ ತನ್ನ ಮನೆಯಲ್ಲಿ ಯಾರೊಡನೆ ಬಾಳುತ್ತಾನೆ ಎಂಬುದು ಅವನ ನಡತೆಯ ಅಳತೆಯಲ್ಲ, ಅದನ್ನು ಲೆಕ್ಕಕ್ಕೆ ಹಿಡಿದು ಹೆಚ್ಚು ಶಿಕ್ಷೆ ಕೊಟ್ಟದ್ದು ಕಾನೂನಿಗೆ ಒಪ್ಪುವುದಿಲ್ಲ ಎಂದು ಅದರಲ್ಲಿತ್ತು. ಆ ಸಾಲುಗಳನ್ನು ತೀರ್ಪಿನಿಂದ ತೆಗೆದುಹಾಕಿದರು. ಅಣ್ಣನಿಗೆ ಕೊಟ್ಟ ಮುಚ್ಚಳಿಕೆಯನ್ನೇ ತಮ್ಮನಿಗೂ ಕೊಟ್ಟರು. ರವಿಯ ಶಿಕ್ಷೆ ಈ ಮೇಲ್ಮನವಿಯಲ್ಲಿ ಇಲ್ಲವೆಂದು ಅದನ್ನು ಮುಟ್ಟಲಿಲ್ಲ. ಮೆಹರುನಬಿ ಕನ್ನಡಕ ತೆಗೆದು ಒರೆಸಿಕೊಂಡು, ಆಯಿತಪ್ಪ ದುರಗೇಶ ಎಂದರು. ಅವನು ಆ ಜೈಲಿನ ಒಂಬತ್ತು ದಿನಕ್ಕೆ ಏನು ಎಂದು ಕೇಳಿದ. ಅವರು ಫೈಲು ಮುಚ್ಚಿ ಚೀಲಕ್ಕೆ ಹಾಕಿದರು. ಕ್ರೇನಿನ ಕೆಲಸಕ್ಕೆ ಆಗಲೇ ಬೇರೆಯವನು ಬಂದಿದ್ದ.

ಮುಚ್ಚಳಿಕೆಗೆ ಇಬ್ಬರು ಜಾಮೀನುದಾರರು ಬೇಕಾಗಿತ್ತು. ಹೊಲದ ಪಹಣಿಯ ಉತಾರ ತೆಗೆದುಕೊಂಡು ಹುಚ್ಚೀರಪ್ಪ ಬಂದಿದ್ದ, ಮನೆಯ ತೆರಿಗೆ ರಸೀದಿ ತೆಗೆದುಕೊಂಡು ವಿರುಪಾಕ್ಷಿ ಬಂದಿದ್ದ. ಗುಮಾಸ್ತನ ಮೇಜಿನ ಮುಂದೆ ಇಬ್ಬರೂ ಪಕ್ಕಪಕ್ಕ ನಿಂತರು, ನಡುವೆ ಒಂದು ಮೊಳ ಜಾಗ ಬಿಟ್ಟು. ದುರಗೇಶ ಸ್ವಲ್ಪ ಹಿಂದೆ ಗೋಡೆಗೆ ಒರಗಿದ್ದ. ಊಟದ ಹೊತ್ತಾಗಿತ್ತು, ಗುಮಾಸ್ತ ಅವಸರದಲ್ಲಿದ್ದ. ಹುಚ್ಚೀರಪ್ಪನ ಹೆಸರು ಬರೆದು, ಸಂಬಂಧ ಎಂಬಲ್ಲಿ ತಂದೆ ಎಂದು ತುಂಬಿದ. ಆಮೇಲೆ ವಿರುಪಾಕ್ಷಿಯ ಆಧಾರ್ ಕಾರ್ಡು ನೋಡಿ ಹೆಸರು ಬರೆದುಕೊಂಡ.

“ನೀವು ಇವರಿಗೆ ಏನಾಗಬೇಕು?”

ವಿರುಪಾಕ್ಷಿ ದುರಗೇಶನ ಕಡೆ ತಿರುಗಿದ. ಗುಮಾಸ್ತ ಪೆನ್ನು ಎತ್ತಿ ಹಿಡಿದೇ ಮತ್ತೆ ಕೇಳಿದ. ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡುತ್ತಿದ್ದರು.

“ಮನಿಯವರು ಅಂತ ಬರಕೋರಿ,” ಎಂದ ಹುಚ್ಚೀರಪ್ಪ.

ಗುಮಾಸ್ತ ತಲೆಯೆತ್ತಿದ. “ಯಾರ ಮನಿಯವರು?”

“ಅವನ ಮನಿಯವರು,” ಎಂದು ಹೇಳಿ ಹುಚ್ಚೀರಪ್ಪ ತನ್ನ ಹೆಸರಿನ ಮುಂದೆ ಸಹಿ ಮಾಡಿದ. ಕಡೆಯ ಅಕ್ಷರ ಗೆರೆ ದಾಟಿತು. ಯಾರ ಮುಖವನ್ನೂ ನೋಡದೆ ಉತಾರ ಮಡಚಿ ಜೇಬಿಗಿಟ್ಟುಕೊಂಡು, ನನ್ನ ಬಸ್ಸಿನ ಹೊತ್ತಾತು ಎಂದು ಹೊರಗೆ ನಡೆದ. ದುರಗೇಶ ಮೆಟ್ಟಿಲ ತನಕ ಹಿಂದೆ ಬಂದ. ಮುದುಕ ತಿರುಗಲಿಲ್ಲ.

ಮನೆಯಲ್ಲಿ ಪಾರ್ವತೆಮ್ಮ ಕಾಯುತ್ತಿದ್ದಳು. ಹುಡುಗ ಯಾಕೆ ಬರಲಿಲ್ಲ, ಕಾಗದ ಎಲ್ಲ ಆಯಿತೋ, ವಿರುಪಾಕ್ಷಿಗೆ ಏನು ಕೇಳಿದರು, ಏನೆಂದು ಬರೆದುಕೊಂಡರು ಎಂದು ಒಂದರ ಹಿಂದೆ ಒಂದು ಕೇಳಿದಳು. ಹುಚ್ಚೀರಪ್ಪ ಕೈಕಾಲು ತೊಳೆದು ಬಂದು ಗೋಡೆಗೆ ಬೆನ್ನು ಕೊಟ್ಟು ಕೂತ.

“ಏನೋ ಬರಕೊಂಡರು,” ಎಂದ. “ನೀಡು, ಹಸಿವಾಗೇತಿ.”